ಫ್ಯಾನಿಲ್ಲದ ಪೆಟ್ಟಿಗೆ

ಅಕ್ಕ ಕೊಂಡ ಅಂಗೈಯಗಲದ ಹೊಸ ಕಂಪ್ಯೂಟರಿಗೆ ಕಿವಿ ಒತ್ತಿದ ತಮ್ಮ. ಒಳಗೆ ಗುಯ್ ಎನ್ನುವ ಸದ್ದೇ ಇಲ್ಲ. ಹಳೆಯದನ್ನು ಅವನೇ ಬಿಡಿಭಾಗ ತಂದು ಜೋಡಿಸಿದ್ದ, ತಿಂಗಳಿಗೊಮ್ಮೆ ಬಂದು ಬಿಚ್ಚಿ ಧೂಳು ಕೊಡವುತ್ತಿದ್ದ. ಅದಕ್ಕೆ ಆರು ಫ್ಯಾನು. ಹಾಕಿದರೆ ಎದುರುಮನೆ ಬೆಕ್ಕು ಮೂರು ಬೀದಿ ದಾಟಿ ಓಡುತ್ತಿತ್ತು.

"ಇದರ ಪ್ರೊಸೆಸರ್ ತಳೀನೇ ಬೇರೆ ಕಣಕ್ಕಾ. ನಿನ್ನ ಕಸೂತಿ ಪ್ರೋಗ್ರಾಮಿನ ಭಾಷೆ ಇದಕ್ಕೆ ತಿಳಿಯಲ್ಲ. ಹನ್ನೆರಡು ವರ್ಷದ ಡಿಸೈನೆಲ್ಲ ನೀರುಪಾಲು!"

ಟೈಲರ್ ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ಮೌಸ್ ಒತ್ತಿದಳು. ನವಿಲು ಬಂತು, ಬಳ್ಳಿ ಬಂತು, ಹಳೆಯದಕ್ಕಿಂತ ಬೇಗ ಬಂತು. "ಒಳಗೇ ಭಾಷೆ ಬದಲಾಯಿಸ್ಕೊಂಡು ನಡೆಸುತ್ತಂತೆ ಕಣೋ."

"ಸುಳ್ಳು! ಎಲ್ಲೋ ಹಳೇ ಚಿಪ್ ಒಂದನ್ನ ಬಚ್ಚಿಟ್ಟಿದಾರೆ." ಅವನು ಸ್ಕ್ರೂಡ್ರೈವರ್ ಹಿರಿದು ಪೆಟ್ಟಿಗೆಯನ್ನು ಮಗುಚಿದ. ತಳ ಸವರಿದ, ಅಂಚು ಸವರಿದ, ರಬ್ಬರ್ ಪಾದ ಕಿತ್ತು ಇಣುಕಿದ. ಒಂದು ತಿರುಪೂ ಸಿಗಲಿಲ್ಲ.

"ಮೆಮೊರಿ ಹಾಕೋದು ಎಲ್ಲಿಂದ?"

"ಎಲ್ಲಾ ಒಂದೇ ಕಡೆ ಬೆಸುಗೆ ಹಾಕಿದಾರಂತೆ. ಬಿಚ್ಚೋ ಹಾಗೇ ಇಲ್ಲ."

ತಮ್ಮನ ಮುಖ ಇಳಿಯಿತು. "ಹಾಗಾದ್ರೆ ತಿಂಗಳಿಗೊಮ್ಮೆ ಬಂದು ನಾನೇನು ಮಾಡ್ಲಿ?"

"ಕೂತ್ಕೊಂಡು ಮಾತಾಡು. ಹನ್ನೆರಡು ವರ್ಷದಿಂದ ಬರ್ತೀಯ, ಬರೀ ನಿನ್ನ ಬೆನ್ನೇ ನೋಡಿದೀನಿ."

ತಮ್ಮ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಈಗ ಅವನ ಅನುಮಾನವೆಲ್ಲ ಅಕ್ಕನ ಕಡೆಗೆ ತಿರುಗಿತು. "ನಿಜ ಹೇಳು, ಇದನ್ನ ಅದಕ್ಕೇ ತಗೊಂಡ್ಯಾ?"

ಅಕ್ಕ ಹೊಲಿಗೆ ಮೆಷಿನಿನ ಮುಂದಿದ್ದ ಕುರ್ಚಿಯನ್ನು ಅವನ ಕಡೆಗೆ ಎಳೆದಳು.