ಆರನೇ ಓಣಿಯ ಸರದಿ

ನೆಲದಡಿಯ ಊರಿಗೆ ಬಿಸಿಲು ಗಾಜಿನ ಎಳೆಗಳಲ್ಲಿ ಇಳಿಯುತ್ತಿತ್ತು. ಕರೆಂಟಿನ ಗುಂಡಿ ಒತ್ತಿ ಅದನ್ನು ಓಣಿಯಿಂದ ಓಣಿಗೆ ತಿರುಗಿಸುವವಳು ಬೆಳಕುಗಂಟಿ ಹುಲಿಗೆವ್ವ. ಐದನೇ ಓಣಿಯ ತಾಸು ಮುಗಿದಿತ್ತು. ಅವಳು ಗುಂಡಿಯ ಮೇಲೆ ಬೆರಳಿಟ್ಟಳು.

“ಯಕ್ಕಾ, ಇನ್ನೊಂದು ತಾಸು ಬಿಡು. ಕೂಸಿಗೆ ಕಾಮಣಿ ಆಗಿ ಮೈ ಹಳದಿ ಆಗೇತಿ, ಬಿಸಿಲಿಗೆ ಹಿಡಿ ಅಂದಾರ ಡಾಕ್ಟರು,” ಎಂದು ಆ ಓಣಿಯ ಬಾಣಂತಿ ರೇಣವ್ವ ಅಂಗಲಾಚಿದಳು.

ಆರನೇ ಓಣಿಯ ಮುದುಕಿ ಆಗಲೇ ಕೂಗುತ್ತಿದ್ದಳು: “ಏ ಹುಲಿಗೆವ್ವ, ನಿದ್ದಿ ಹತ್ತೇತೇನ? ನಮ್ಮ ಸಂಡಿಗಿ ಒಣಗೋದು ಯಾವಾಗ?”

ಪರರ ಸರದಿಯ ಬಿಸಿಲಿಗೆ ಕಾಲಿಡುವುದು ಆ ಊರಲ್ಲಿ ಕಳವಿಗೆ ಸಮ. ಹುಲಿಗೆವ್ವ ಗುಂಡಿ ಒತ್ತಿದಳು. ಕೂಸಿನ ಮುಖ ಕತ್ತಲಾಯಿತು. ಮರುಕ್ಷಣವೇ ಹುಲಿಗೆವ್ವ ಕೂಸನ್ನು ಎತ್ತಿಕೊಂಡು ಆರನೇ ಓಣಿಗೆ ಓಡಿ, ಬಿಸಿಲಿನ ನಡುವೆ ನಿಂತಳು.

“ಕಳ್ಳಿ ಅಂತ ನನಗ ಅನ್ರಿ. ಕೂಸಿಗೆ ಜಾಗ ಕೊಡ್ರಿ.”

ಮುದುಕಿಯೇ ಬಗ್ಗಿ, ಸಂಡಿಗೆಯ ಚಾಪೆಯನ್ನು ಒಂದು ಮೊಳ ಸರಿಸಿದಳು.