ಐಬಿ ಮುಂದಿನ ಗರಿಕೆ

ಜಗಳೂರಿನ ಐಬಿ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಯ ಮುಂದಿನ ಹುಲ್ಲುಹಾಸಿನ ಮೇಲೆ ಓವರ್‌ಸಿಯರ್ ಬಂಗಾರಪ್ಪನವರು ತಾವೇ ಗುದ್ದಲಿ ಹಿಡಿದು ನಿಂತಿದ್ದರು. ಎಂಬತ್ತೈದರ ಬೇಸಿಗೆ. ಕುಡಿಯುವ ನೀರಿಗೇ ತತ್ವಾರ. ಗಿಡಕ್ಕೆ ಒಂದು ಚೊಂಬೂ ಹಾಕಕೂಡದೆಂದು ಆರ್ಡರ್ ಆಗಿತ್ತು. ಎದುರಿನ ಆಫೀಸಿನ ಹುಲ್ಲು ಒಣಗಿ ಹಪ್ಪಳವಾಗಿತ್ತು. ಇಲ್ಲಿಯದು ಮಾತ್ರ ಹಸಿರು. ಮಾಲಿ ದುರುಗಮ್ಮ ಕದ್ದು ನೀರು ಬಿಡುತ್ತಾಳೆಂದು ಊರೆಲ್ಲ ಗುಸುಗುಸು.

ಗಂಡ ಗೋಣೆಪ್ಪ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದವಳು ಅವಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಳ್ಳಿ ಎನ್ನಿಸಿಕೊಂಡರೆ ಅದೂ ಹೋಯಿತು, ಮಾನವೂ ಹೋಯಿತು.

"ನೀರು ಬಿಡಾಕೆ ಪೈಪು ಎಲ್ಲಿ ಹುಗಿದೀಯ, ಹೇಳಿಬಿಡು ದುರುಗಮ್ಮ."

"ಯುಗಾದಿಯಿಂದ ಒಂದು ಹನಿ ಹಾಕಿಲ್ರೀ ಸಾಹೇಬ್ರೆ. ಅಗೆದೇ ನೋಡ್ರಿ."

ಬಂಗಾರಪ್ಪ ಮೊಳದಾಳ ಅಗೆದರು. ಪೈಪು ಸಿಗಲಿಲ್ಲ. ಸಿಕ್ಕಿದ್ದು ಕಪ್ಪು ಮಣ್ಣು, ಹಿಡಿದರೆ ಉಂಡೆ ಕಟ್ಟುವಷ್ಟು ಹಸಿ. ಗರಿಕೆಯ ಬೇರು ಅಷ್ಟಾಳಕ್ಕೂ ಇಳಿದಿತ್ತು.

ಆ ಮಣ್ಣಿನ ವಾಸನೆಗೆ ದುರುಗಮ್ಮನಿಗೆ ಗಂಡನ ನೆನಪಾಯಿತು. ಕೆರೆ ಒಣಗಿತೆಂದು ಊರು ಗೋಳಾಡುವಾಗ ಗೋಣೆಪ್ಪ ಮಾತ್ರ ಖುಷಿಯಿಂದ ಗಾಡಿ ಹೂಡಿ ಕೆರೆಯ ತಳದ ಗೋಡುಮಣ್ಣು ಹೇರಿಕೊಂಡು ಬರುತ್ತಿದ್ದ. ಸೊಕ್ಕೆ ಕಡೆಯ ಕುರಿಗಾರರನ್ನು ದಾರಿಯಲ್ಲೇ ತಡೆದು, ಮಧ್ಯಾಹ್ನದ ಬಿಸಿಲಿಗೆ ಮಂದೆಯನ್ನು ಇಲ್ಲಿಯ ಬೇವಿನ ನೆರಳಲ್ಲಿ ತರುಬಿ ನಿಲ್ಲಿಸುತ್ತಿದ್ದ. ಅವರಿಗೆ ಮಜ್ಜಿಗೆ ಹೊತ್ತು ತರುವುದು ಅವಳ ಪಾಲು. ಹಿಕ್ಕೆಯೆಲ್ಲ ಗುಡಿಸಿ, ಗೋಡಿಗೆ ಬೆರೆಸಿ, ಮಳೆನೀರನ್ನು ಬೇಸಿಗೆವರೆಗೂ ಹಿಡಿದಿಡಲೆಂದು ವರ್ಷವೂ ಮೊದಲ ಮಳೆಗೆ ನೆಲಕ್ಕೆ ಉಣಿಸುತ್ತಿದ್ದ. ಬೇಸಿಗೆಯಲ್ಲಿ ಹುಲ್ಲನ್ನು ಗಿಡ್ಡಕ್ಕೆ ಕತ್ತರಿಸಲು ಬಿಡುತ್ತಿರಲಿಲ್ಲ. ಮೈಮೇಲಿನ ಬಟ್ಟೆ ಬಿಚ್ಚಿದರೆ ನೆಲಕ್ಕೆ ಬಿಸಿಲು ತಾಗದೇನೇ ಎನ್ನುತ್ತಿದ್ದ. ಹುಚ್ಚು ಮುದುಕ ಎಂದು ಅವಳೂ ನಕ್ಕಿದ್ದಳು. ಆ ದಿನಗಳು ಈಗ ಎಲ್ಲಿ ಸಿಗಬೇಕು.

"ಐಬೀನ ಕುರಿ ರೊಪ್ಪ ಮಾಡೀಯ ಅಂತ ಗೋಣೆಪ್ಪನಿಗೆ ಮೆಮೊ ಕೊಟ್ಟಿದ್ದು ನಾನೇ," ಎಂದರು ಬಂಗಾರಪ್ಪ, ಮಣ್ಣನ್ನು ಕೈಯಿಂದ ಬಿಡದೆ. ಒಳ್ಳೇ ಕೆಲಸ ಮಾಡಿದ್ದೀಯ, ನಿನ್ನನ್ನು ಕಾಯಂ ಮಾಡಲು ನಾಳೆಯೇ ಮೇಲಕ್ಕೆ ಬರೆಯುತ್ತೇನೆ ಎಂದರು.

ದುರುಗಮ್ಮ ಮೊಣಕಾಲೂರಿ ಕುಳಿ ಮುಚ್ಚತೊಡಗಿದ್ದಳು. ತಲೆ ಎತ್ತಲಿಲ್ಲ.

"ನಾನೇನೂ ಮಾಡಿಲ್ರೀ. ಸತ್ತು ಎರಡು ವರ್ಷ ಆದ್ರೂ ಅವ್ರಿನ್ನೂ ಡ್ಯೂಟಿ ಮೇಲೇ ಅದಾರೆ. ಹಾಜರಿ ಹಾಕೋದು ಮಾತ್ರ ನಾನು."