ಹದಿನಾಲ್ಕು ನಂಬರಿನ ಬೋಲ್ಟು

ಮತ್ತೆ ಒಂದು ಬೋಲ್ಟು ಉಳಿದಿತ್ತು.

ದಯಾನಂದ ಪಿಕಪ್ಪಿನ ಅಡಿಯಿಂದ ತೆವಳಿಕೊಂಡು ಹೊರಬಂದ. ಗ್ರೀಸು ಮೆತ್ತಿದ ಕೈಯನ್ನು ಬನಿಯನ್ನಿಗೆ ಒರೆಸಿ, ಇಡ್ಲಿ ತಟ್ಟೆಯನ್ನು ಇನ್ನೊಮ್ಮೆ ನೋಡಿದ. ಬಿಚ್ಚಿದ ಬೋಲ್ಟುಗಳನ್ನು ಕುಳಿಗಳಲ್ಲಿ ಜೋಡಿಸಿಡಲು ಆ ಹಳೆಯ ತಟ್ಟೆ ಅವನದೇ ಉಪಾಯ. ಎಲ್ಲ ಕುಳಿಗಳೂ ಖಾಲಿ. ಕೊನೆಯದರಲ್ಲಿ ಮಾತ್ರ ಒಂದು ಬೋಲ್ಟು, ಏನೂ ಅರಿಯದ ಮಗುವಿನಂತೆ ಕೂತಿತ್ತು. ಹದಿನಾಲ್ಕು ನಂಬರಿನ ಸ್ಪ್ಯಾನರು ಹಿಡಿಯುವಂಥದ್ದು. ಹೋದ ಸಲವೂ ಹದಿನಾಲ್ಕೇ. ಅದರ ಹಿಂದಿನ ಸಲವೂ.

ಈ ಸಲ ಅವನು ಎಣಿಸಿದ್ದ. ಕಾಂಪೌಂಡಿನ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬಿಚ್ಚಿದ್ದು ಇಪ್ಪತ್ತೆರಡು ಎಂದು ಬರೆದಿದ್ದ. ಬಿಗಿದದ್ದೂ ಇಪ್ಪತ್ತೆರಡೇ. ನಡುವೆ ಒಮ್ಮೆ ಹೆಂಡತಿ ತಂದಿಟ್ಟ ಚಹಾ ಕುಡಿದಿದ್ದ, ಅಷ್ಟೆ.

"ಮುಗಿಯಿತಾ?" ಗಾಡಿಯ ಮೇಲಿನಿಂದ ನಳಿನಾಕ್ಷಿ ಕೇಳಿದಳು. ಕಟ್ಟಡದ ಸೊಸೈಟಿಯವರು ಟೆರೇಸಿಗೆ ಬೀಗ ಜಡಿದ ಮೇಲೆ, ಗಾಡಿ ನಿಂತ ದಿನ ಅದರ ಮೇಲೆಯೇ ಹಳೆ ಸೀರೆ ಹಾಸಿ ಅವಳು ಏನಾದರೂ ಒಣಗಿಸುತ್ತಿದ್ದಳು.

"ಎಂತ ಮುಗಿಯುವುದು! ಒಂದು ಉಳಿದಿದೆ."

"ಅಯ್ಯೋ ದೇವರೇ! ಹಾಗಾದರೆ ನಾಳೆ ಗಾಡಿ ತೆಗೆಯುವುದೇ ಬೇಡ. ಚಕ್ರದ್ದೋ ಬ್ರೇಕಿನದ್ದೋ ಯಾರಿಗೆ ಗೊತ್ತು? ಇಲ್ಲಿ ಕೊಡಿ ಅದನ್ನು, ಡಬ್ಬಿಗೆ ಹಾಕಿಡ್ತೇನೆ."

ದಯಾನಂದ ಬೋಲ್ಟನ್ನು ಅವಳ ಕೈಗಿಟ್ಟು ನೆಲದ ಮೇಲೆಯೇ ಕುಳಿತುಬಿಟ್ಟ.

ಹನ್ನೆರಡು ವರ್ಷದ ಗಾಡಿ. ವಾಶಿ ಮಾರ್ಕೆಟ್ಟಿನಿಂದ ಡೊಂಬಿವಲಿಯ ಹೋಟೆಲುಗಳಿಗೆ ತರಕಾರಿ ಹೊತ್ತು ಹೊತ್ತು ಮೀಟರು ನಾಲ್ಕು ಲಕ್ಷ ಅರವತ್ತು ಸಾವಿರ ಕಿಲೋಮೀಟರು ದಾಟಿತ್ತು. ಇಷ್ಟು ವರ್ಷಗಳಲ್ಲಿ ಒಬ್ಬ ಮೆಕ್ಯಾನಿಕ್ಕನ ಕೈಯೂ ಅದಕ್ಕೆ ತಾಗಿರಲಿಲ್ಲ. ತಿಂಗಳಿಗೆರಡು ಭಾನುವಾರ ಅವನೇ ಆಯಿಲ್ ನೋಡುತ್ತಿದ್ದ, ಡೀಸೆಲ್ ಫಿಲ್ಟರಿನ ನೀರು ಇಳಿಸುತ್ತಿದ್ದ, ಅಡಿಯದ್ದೆಲ್ಲ ಬಿಚ್ಚಿ ಒರೆಸಿ ಬಿಗಿಯುತ್ತಿದ್ದ. ಬೋಲ್ಟು ಉಳಿದರೆ ಮಾತ್ರ ಸೋಮವಾರದ ಮಾಲು ಗೆಳೆಯ ವಾಸುವಿನ ಟೆಂಪೋದಲ್ಲಿ ಬರುತ್ತಿತ್ತು. ದಯಾನಂದ ಇಡೀ ದಿನ ಗಾಡಿಯಡಿ ಮಲಗಿ ಎಲ್ಲವನ್ನೂ ಮತ್ತೆ ಬಿಚ್ಚುತ್ತಿದ್ದ. ಒಂದು ತೂತೂ ಖಾಲಿ ಇರುತ್ತಿರಲಿಲ್ಲ. ಮಂಗಳವಾರ ಗಾಡಿ ಚಕಾರವೆತ್ತದೆ ಓಡುತ್ತಿತ್ತು.

ಮಳೆಗಾಲದಲ್ಲಾಗಲಿ ಚಳಿಗಾಲದಲ್ಲಾಗಲಿ ಒಂದು ಬೋಲ್ಟೂ ಉಳಿದಿರಲಿಲ್ಲ. ಹೋಳಿ ಮುಗಿದದ್ದೇ ಶುರು. "ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ನೋಡು, ಹಿಗ್ಗಿ ಒಂದನ್ನು ಹೊರಗೆ ಉಗುಳುತ್ತದೆ" ಎಂದು ಅವನು ವಿವರಿಸಿದಾಗ ವಾಸುವಿನ ಮೂಗಿನಿಂದ ಚಹಾ ಹೊರಬಂದಿತ್ತು.

ಆದರೆ ಇಂದು ಎಣಿಕೆಯೇ ಕೈಕೊಟ್ಟಿತ್ತು.

"ಪಪ್ಪಾ, ಏಕ್ ಬಾರ್ ಆಂಖ್ ಚೆಕ್ ಕರ್ ಲೋ ನಾ," ಎಂದಳು ಮಗಳು ರಮಿತಾ, ಬಾಲ್ಕನಿಯಿಂದ.

"ಕಣ್ಣಿಗೆ ಕನ್ನಡಕ ಸಿಗುತ್ತದೆ. ತಲೆಗೆ ಎಂತ ಹಾಕುವುದು?" ಎಂದ ದಯಾನಂದ. ಇಪ್ಪತ್ತೆರಡು ಬೋಲ್ಟು ನೆನಪಿಡಲಾಗದವನು ಶೀಳ್ ರಸ್ತೆಯಲ್ಲಿ ಶಾಲೆ ಮಕ್ಕಳ ರಿಕ್ಷಾಗಳ ನಡುವೆ ಗಾಡಿ ಓಡಿಸಬಾರದು. ಫೋನೆತ್ತಿ, ಹಳೆ ಗಾಡಿ ಕೊಳ್ಳುವ ಶಹಾಡಿನ ಶಿವಪ್ಪನಿಗೆ ಹೇಳಿಯೇಬಿಟ್ಟ: ನಾಳೆ ಬಾ, ಗಾಡಿ ನಿನ್ನದು.

ಹನ್ನೆರಡು ವರ್ಷ ಗಾಡಿಯನ್ನು ಸವತಿ ಎಂದೇ ಕರೆದಿದ್ದ ನಳಿನಾಕ್ಷಿ ಸಂಜೆಯಿಡೀ ಅದರ ಗುಣಗಾನ ಮಾಡಿದಳು. "ಮಾರುವುದೆಂತಕ್ಕೆ? ಇಂಥ ಗಾಡಿ ಮತ್ತೆ ಸಿಗುತ್ತದಾ? ಎಷ್ಟು ಉದ್ದ, ಎಷ್ಟು ಅಗಲ!"

ಅವನು ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದ. ಅವಳು ಅನ್ನ ಉಳಿದ ಆ ಊಟದ ತಟ್ಟೆಯನ್ನೇ ನೋಡುತ್ತ ಕುಳಿತಳು.

ಸೋಮವಾರ ಹತ್ತಕ್ಕೆ ಶಿವಪ್ಪ ಬಂದ. ಇಂಜಿನ್ ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಕೇಳಿದ.

"ಅಣ್ಣಾರ, ಏನ್ ಇಟ್ಟೀರಿ ಗಾಡಿ! ಇಂಥಾದ್ದು ಮಾರ್ತಾರೇನ್ರೀ ಯಾರಾದ್ರೂ?"

"ಸುಳ್ಳು ಹೇಳಿ ಮಾರುವುದಿಲ್ಲ ಮಾರಾಯಾ," ದಯಾನಂದ ತಲೆ ತಗ್ಗಿಸಿದ. "ಈ ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಆರು ಬೋಲ್ಟು ಉಳಿದಿವೆ. ಎಲ್ಲಿಯದೆಂದು ಗೊತ್ತಾಗುವುದಿಲ್ಲ. ನೀನೇ ಒಳ್ಳೆಯ ಮೆಕ್ಯಾನಿಕ್ಕನಿಗೆ ತೋರಿಸು."

"ಆರು? ಎಲ್ಲಿ, ನೋಡೋಣು ತರ್ರಿ."

"ಡಬ್ಬಿ ಎಲ್ಲಿಟ್ಟಿದ್ದೇನೋ ನೆನಪೇ ಇಲ್ಲ," ಎಂದಳು ನಳಿನಾಕ್ಷಿ, ಗಾಡಿಯ ಮೇಲಿನಿಂದ. ಅವಳ ಮುಖ ಬೆವತಿತ್ತು.

"ಸಿಲಿಂಡರ್ ಕೆ ಪೀಛೆ ಹೈ ಮಮ್ಮಿ," ಎಂದು ರಮಿತಾ ಗ್ಯಾಸ್ ಸಿಲಿಂಡರಿನ ಹಿಂದಿದ್ದ ಡಬ್ಬಿ ತಂದುಕೊಟ್ಟಳು.

ಶಿವಪ್ಪ ಡಬ್ಬಿಯನ್ನು ಅಂಗೈ ಮೇಲೆ ಬೋರಲು ಹಾಕಿದ. ಒಂದು ಬೋಲ್ಟು ಬಿತ್ತು. ಡಬ್ಬಿ ಅಲ್ಲಾಡಿಸಿದ. ಇನ್ನೇನೂ ಬೀಳಲಿಲ್ಲ.

"ಆರು ಅಂದ್ರಿ, ಅಣ್ಣಾರ. ಇಲ್ಲಿ ಒಂದ ಐತಲ್ರೀ?"

ದಯಾನಂದ ಬೋಲ್ಟನ್ನು ನೋಡಿದ. ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ನೋಡಿದ. "ನೋಡಿದೆಯಾ? ಒಂದು ನನಗೆ ಆರಾಗಿ ಕಾಣುತ್ತಿದೆ. ಮುಗಿಯಿತು ನನ್ನ ಕತೆ. ತಗೋ, ತೆಗೆದುಕೊಂಡು ಹೋಗು," ಎಂದು ಕೀಲಿಯನ್ನು ಮುಂದೆ ಚಾಚಿದ.

"ಕೊಡಬೇಡಿ, ಕೊಡಬೇಡಿ!" ನಳಿನಾಕ್ಷಿ ಗಾಡಿಯಿಂದ ಧುಮುಕಿಯೇಬಿಟ್ಟಳು. "ನಿಮ್ಮ ತಲೆ ಸರಿಯೇ ಉಂಟು ಮಾರಾಯ್ರೇ, ಆರು ಸಲವೂ ಅದೇ ಬೋಲ್ಟನ್ನು ತಟ್ಟೆಗೆ ಹಾಕಿದ್ದು ನಾನು. ಮತ್ತೆಂತ ಮಾಡುವುದು, ಹಲಸಿನ ಹಪ್ಪಳ ಭಾನುವಾರದ ಒಂದೇ ಬಿಸಿಲಿಗೆ ಒಣಗುವುದುಂಟಾ?"